ಮಾನ್ವಿಯಲ್ಲಿ ಎಲ್ಲವೂ ಸೊಟ್ಟಗಾದ ವರ್ಷ

ಒಂದು ವರ್ಷ ಮಾನ್ವಿ ಊರಿಗೆ ಊರೇ ಸೊಟ್ಟಗಾಗಿತ್ತು. ಅದು ಗೊತ್ತಾದದ್ದು ಮಾತ್ರ ಒಬ್ಬನಿಗೇ, ನಮ್ಮ ಮಾಮಾನಿಗೆ! ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬಡಗಿ ಬಂದದ್ದು ಬೇಸಿಗೆಯಲ್ಲೋ ದಸರೆಗೋ ಎಂದು ನನಗೂ ಮಾಮಿಗೂ ಇನ್ನೂ ತಕರಾರಿದೆ. ದಿನಚರಿ ನೋಡೋಣವೆಂದರೆ, "ಮಾಮಾ ಮತ್ತೆ ಶುರು" ಎಂದಷ್ಟೇ ಬರೆದಿದ್ದೇನೆ. ಏನು ಶುರು? ಅದನ್ನು ಬರೆದಿಲ್ಲ. ಎಂ.ಎ. ಓದಿದವಳು ನಾನು!

ಮಾಮಾ ನನ್ನ ತಾಯಿಯ ತಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕರಿಹಲಗೆಯ ಮೇಲೆ ಅವನು ಬರಿಗೈಯಲ್ಲಿ ಗೆರೆ ಎಳೆದರೆ ಅಳತೆಪಟ್ಟಿಯೇ ನಾಚಬೇಕು. ಪೂಜೆ ಮುಗಿಸಿ ಹಣೆಗೆ ಎಳೆಯುವ ಅಂಗಾರದ ಕಪ್ಪು ಗೆರೆಯೂ ಅಷ್ಟೇ, ಮೂಗಿನ ಬುಡದಿಂದ ನೆಟ್ಟಗೆ ಮೇಲಕ್ಕೆ. ಮದುವೆಯೂಟದ ಪಂಕ್ತಿಯಲ್ಲಿ ಕೂತವರ ಹಣೆ ನೋಡಿ ಮಾರ್ಕು ಕೊಡುತ್ತಿದ್ದ.

ಇಂಥವನು ಒಂದು ದಿನ ಬಡಗಿಯನ್ನು ಕರೆಸಿದ. ದೇವರಮನೆಯ ಬಾಗಿಲ ಚೌಕಟ್ಟು ಬಾಗಿದೆಯಂತೆ. ಬಡಗಿ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ಚೌಕಟ್ಟು ನೆಟ್ಟಗೇ ಇದೆ ಎಂದು ತೋರಿಸಿದ.

"ಸರ, ಗುಂಡು ಸುಳ್ಳು ಹೇಳ್ತದೇನ್ರಿ?"

"ನಿನ್ನ ಗುಂಡಿನ ದಾರಾನೂ ಬಾಗ್ಯದಲ್ಲೋ!"

ಆಮೇಲೆ ಮನೆಯೆದುರಿನ ಕರೆಂಟಿನ ಕಂಬ. ಅದಕ್ಕೆ ಬಲಗಡೆ ಹೊಟ್ಟೆ ಬಂದಿದೆ ಎಂದು ದೂರು ಕೊಟ್ಟ. ಲೈನ್‌ಮನ್ ಬಂದು ಕಂಬವನ್ನೂ ಮಾಮಾನನ್ನೂ ಮೇಲಿಂದ ಕೆಳಗೆ ನೋಡಿ, "ಕಂಬ ಆರಾಮ ಅದರೀ" ಎಂದು ಹೊರಟುಹೋದ.

ಎಲ್ಲಕ್ಕಿಂತ ಮಜಾ ಹಣೆಯ ಗೆರೆಯದು. ಕನ್ನಡಿಯಲ್ಲಿ ತನಗೆ ನೆಟ್ಟಗೆ ಕಾಣುವವರೆಗೂ ಅಳಿಸಿ ತಿದ್ದಿ ಎಳೆಯುತ್ತಿದ್ದ. ನಮ್ಮ ಕಣ್ಣಿಗೆ ಅದು ಹಳ್ಳ ಹರಿದಂತೆ! ಒಂದು ಮುಂಜಿಯ ಊಟದಲ್ಲಿ ಬೀಗರೊಬ್ಬರು ಕೇಳಿಯೇಬಿಟ್ಟರು.

"ಏನ್ ಮಾಸ್ತರ, ಹಾವೇನರ ಏರ್‍ಲಿಕತ್ತದೇನು ತಲಿಗಿ?"

"ನಿಮ್ಮೆಲ್ಲರ ಹಣೀನೂ ಹಂಗೇ ಅವ. ನಾ ಮರ್ಯಾದಿಗೆ ಸುಮ್ಮನಿದ್ದೆ!"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಅರ್ಧಕ್ಕೆ ನಿಲ್ಲಿಸಿದೆ. ಎಲ್ಲರ ಹಣೆಯೂ ಸೊಟ್ಟಗಿರಲು ಸಾಧ್ಯವೇ? ಮಾಮಾನಿಗೆ ಹಳೆಯ ಸಕ್ಕರೆ ಕಾಯಿಲೆ. "ದೇವರು ಉಂಡಮ್ಯಾಲೆ ಅದು ಸಕ್ಕರಿ ಅಲ್ಲ, ಪ್ರಸಾದ" ಎಂಬುದು ಅವನ ವೈದ್ಯಶಾಸ್ತ್ರ. ಕೈ ತೊಳೆದು ಬಂದವನ ಹೆಗಲಿನ ಚೌಕಳಿ ಟವೆಲ್ಲನ್ನೇ ಎಳೆದು ಎದುರಿಗೆ ಬಿಡಿಸಿ ಹಿಡಿದೆ. ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದೆ. ಎಡಗಣ್ಣಿಗೆ ಚೌಕಗಳು ಸುಮಾರಾಗಿ ಸರಿಯಿದ್ದವು. ಬಲಗಣ್ಣಿಗೆ?

"ನಡುವ ಯಾರೋ ಮುದ್ದಿ ಮಾಡ್ಯಾರಲ್ಲ!" ಎಂದ. ಟವೆಲ್ಲನ್ನು ಕಸಿದುಕೊಂಡು ಮತ್ತೆ ಹೆಗಲಿಗೆ ಹಾಕಿಕೊಂಡ.

ರಾಯಚೂರಿಗೆ, ನನ್ನ ಮನೆಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಹನಿ ಹಾಕಿ ಪಾಪೆ ಅಗಲ ಮಾಡಿ, ಫೋಟೋ ತೆಗೆದು, ಡಾಕ್ಟರಮ್ಮ ಹೇಳಿದರು: "ಸಕ್ಕರಿ ಕಾಯಿಲಿ ಎರಡೂ ಕಣ್ಣಿನ ಹಿಂದಿನ ಪರದೆಗೆ ಇಳದದ, ಬಲಗಣ್ಣಿಗಿ ಜಾಸ್ತಿ. ರೆಟಿನಾದ ನಡುವ ನೀರು ತುಂಬಿ ಉಬ್ಬ್ಯದ, ಅದಕ್ಕ ಗೆರಿ ಬಾಗಿದಂಗ ಕಾಣ್ತಾವ. ಸಕ್ಕರಿ, ಬಿ.ಪಿ. ಹಿಡಿತದಾಗ ಇರಬೇಕು. ಇಂಜೆಕ್ಷನ್ ಶುರು ಮಾಡಬೇಕು. ತಡ ಆದಷ್ಟೂ ನಡುವಿನ ನೋಟ ಹೋಗ್ತದ. ಹೋದದ್ದು ಪೂರಾ ವಾಪಸ್ ಬರ್ತದಂತ ನಾ ಹೇಳಂಗಿಲ್ಲ."

"ಇಂಜೆಕ್ಷನ್ ತೋಳಿಗೇನ್ರಿ?"

"ಇಲ್ರಿ, ಕಣ್ಣೊಳಗ."

"ಬಾತ್‌ರೂಮ್ ಎಲ್ಲದರೀ?" ಎಂದ ಮಾಮಾ.

ಹೋದವನು ಬರಲೇ ಇಲ್ಲ! ಅಗಲವಾದ ಪಾಪೆ ಹೊತ್ತು ರಾಯಚೂರಿನ ಬಿಸಿಲಿಗೆ ಇಳಿದಿದ್ದ. ಬೋರ್ಡು ಓದಲಾಗದು, ಯಾರನ್ನಾದರೂ ಕೇಳಲು ಅಭಿಮಾನ ಬಿಡದು. ಸಿಕ್ಕ ಬಸ್ಸು ಹತ್ತಿದ. ಕಂಡಕ್ಟರ್ "ಎಲ್ಲಿಗಿ ಯಜಮಾನ್ರ?" ಎಂದರೆ ಗತ್ತಿನಿಂದ "ಕಡೀ ಸ್ಟಾಪಿಗಿ" ಎಂದನಂತೆ. ನಾನು ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೂ ಹುಡುಕಿ ಸುಸ್ತಾದ ಮೇಲೆ ಫೋನ್ ಬಂತು.

"ಏ ಹುಡುಗಿ, ಮಾನ್ವಿ ಬಸ್‌ಸ್ಟ್ಯಾಂಡ್ ಕೆಡವಿ ಕಟ್ಟ್ಯಾರೇನು? ಗುರ್ತೇ ಹತ್ತವಲ್ದು!"

ಪಕ್ಕದವರು ಯಾರೋ ಫೋನ್ ತೆಗೆದುಕೊಂಡರು. "ಅಕ್ಕಾರ, ಇದು ದೇವದುರ್ಗ ಅದರೀ."

ನಗುತ್ತಲೇ ಬಸ್ಸು ಹತ್ತಿದೆ. ಗಬ್ಬೂರು ದಾಟುವ ಹೊತ್ತಿಗೆ ನಗು ಉಳಿದಿರಲಿಲ್ಲ. ದೇವದುರ್ಗದಲ್ಲಿ ಮಾಮಾ ಕಲ್ಲುಬೆಂಚಿನ ಮೇಲೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದ. ನಾನು ಕರೆಯುವವರೆಗೆ, ಎದುರಿಗೇ ನಿಂತಿರುವುದು ಅವನಿಗೆ ತಿಳಿಯಲಿಲ್ಲ.

"ಯವ್ವಾ, ಹನಿ ಇಳದಮ್ಯಾಲೆ ನೋಟ ಬರ್ತದಂತ ಕಾಯ್ಲಿಕತ್ತಿದ್ದೆ," ಎಂದ. "ಎಡಗಣ್ಣಿಗಿ ಈಗ ಬರ್ಲಿಕತ್ತದ. ಬಲಗಣ್ಣಿಗಿ ನಡುವಿಂದು ಮೊದ್ಲೂ ಇದ್ದಿದ್ದಿಲ್ಲ ಬಿಡು. ನಡಿ, ಚುಚ್ಚಸೋಣು."

ಮತ್ತೆ ಅದೇ ಆಸ್ಪತ್ರೆಯಲ್ಲಿ ಕಣ್ಣು ಮರಗಟ್ಟಲು ಹನಿ ಹಾಕಿದರು, ಮುಖಕ್ಕೆ ಬಟ್ಟೆ ಹೊದಿಸಿದರು. ಹೊರಬಂದ ಮಾಮಾನ ಮೊದಲ ಮಾತು: "ಮುಗೀತಾ? ಇದಕ್ಕ ನಾ ದೇವದುರ್ಗಕ್ಕ ಓಡಿದ್ನಾ!"

ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಬಂದ, ಮಾಮಿಯ ಪಹರೆಯಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸಿದ. ಒಂದು ದಿನ ಖುಷಿಯಿಂದ ಫೋನ್ ಮಾಡಿದ. "ಕರೆಂಟಿನವರು ಕಡೀಗೂ ಬಂದು ಕಂಬ ನೆಟ್ಟಗ ಮಾಡಿಹೋಗ್ಯಾರ!" ನಾನು ಡಾಕ್ಟರಮ್ಮನ ಹೆಸರೆತ್ತಲಿಲ್ಲ.

ಗೆರೆಗಳು ನೆಟ್ಟಗಾದವು. ಎಡಗಣ್ಣು ಉಳಿಯುತ್ತದೆ ಎಂದಿದ್ದಾರೆ. ಬಲಗಣ್ಣಿನ ಬಗ್ಗೆ ಅವನೂ ಹೇಳುವುದಿಲ್ಲ, ನಾವೂ ಎತ್ತುವುದಿಲ್ಲ.

ಮೊನ್ನೆ ನಮ್ಮ ಮನೆಯಲ್ಲಿ ಊಟವಾದ ಮೇಲೆ ನಾನು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ತಲೆಯೆತ್ತಿದರೆ ಮಾಮಾ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ. ತನ್ನ ಮುಖವನ್ನು ಒಮ್ಮೆ ಆಚೆ, ಒಮ್ಮೆ ಈಚೆ ಮೆಲ್ಲಗೆ ಹೊರಳಿಸುತ್ತಿದ್ದ. ನಾನು ಅಲುಗಾಡದೆ ಕೂತೆ.

"ಮಾಮಾ, ಆ ಕಣ್ಣಿಗಿ ನನ್ನ ಮುಖ ಕಾಣ್ತದೇನು?"

ಅವನು ಅಂಗೈ ತೆಗೆಯಲಿಲ್ಲ. ಇನ್ನೂ ಹುಡುಕುತ್ತಲೇ ಇದ್ದ.