ಸೌಟು ಹಿಡಿದವಳ ಸಾಂಬಾರು

ಶಾಲೆಗೆ ಬೀಗ ಬೀಳುವ ಹಿಂದಿನ ದಿನ ನಾನೂ ಸರೋಜಕ್ಕನೂ ಸೋರೆಕಾಯಿಯ ವಿಷಯಕ್ಕೆ ಜಗಳವಾಡಿದ್ದೆವು. ಹೋಳು ದೊಡ್ಡದಾದರೆ ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ಸಾಲಾಗಿ ನಿಲ್ಲಿಸಿ ಎದ್ದು ಹೋಗುತ್ತಾರೆ, ಸಣ್ಣಗೆ ಹೆಚ್ಚು ಎಂದು ನಾನು. ಸಣ್ಣಗೆ ಹೆಚ್ಚಿದರೆ ಕರಗಿಹೋಗುತ್ತದೆ, ತರಕಾರಿ ಎಲ್ಲಿ ಎಂದು ಹೆಡ್ ಮಿಸ್ ಕೇಳಿದರೆ ಉತ್ತರ ನೀನು ಕೊಡು ಎಂದು ಅವಳು. ಕೊನೆಗೆ, "ನೀನು ನಿನ್ನ ಅನ್ನ ನೋಡ್ಕೊಳೇ, ತಳ ಹಿಡೀತಿದೆ" ಎಂದಳು. ನಿಜವಾಗಿಯೂ ಹಿಡಿದಿತ್ತು. ಆ ದಿನದಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ. ಕೊನೆಯ ದಿನಗಳು ಹೇಳಿ ಬರುವುದಿಲ್ಲವಲ್ಲ. ಹೇಳಿ ಬಂದಿದ್ದರೆ ಸೋರೆಕಾಯಿಯನ್ನು ಅವಳ ಇಷ್ಟಕ್ಕೇ ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ ಎಂದೇ ತೋರುತ್ತದೆ.

ನಮ್ಮದು ಕೆಂಗೇರಿ ಉಪನಗರದ ಆಚೆಯ ಸರ್ಕಾರಿ ಶಾಲೆ. ಊರೊಳಗಿನ ಎಷ್ಟೋ ಶಾಲೆಗಳಿಗೆ ಬಿಸಿಯೂಟ ವ್ಯಾನಿನಲ್ಲಿ ಬಂದಿಳಿಯುತ್ತದೆ; ನಮ್ಮಲ್ಲಿ ನೂರ ನಲವತ್ತು ಮಕ್ಕಳಿಗೆ ನಾವಿಬ್ಬರೇ ಬೇಯಿಸುತ್ತಿದ್ದೆವು. ಅನ್ನ ನನ್ನದು, ಸಾಂಬಾರು ಸರೋಜಕ್ಕನದು. ಆದರೆ ನಾಲ್ಕು ಜನ ಮೇಷ್ಟರು ಎದುರಿಗೆ ನಿಂತರೆ ಅವಳಿಗೆ ಮಾತೇ ಹೊರಡದು. ಹಾಗಾಗಿ ಅವಳು ಒಲೆಯ ಹತ್ತಿರವೇ ಉಳಿಯುವಳು, ಸೌಟು ಹಿಡಿದು ವರಾಂಡದಲ್ಲಿ ಬಡಿಸುವವಳು ನಾನು. ಮಕ್ಕಳ ಲೆಕ್ಕ ಸರಳ: ಯಾರು ಬಡಿಸುತ್ತಾರೋ ಮಾಡಿದವರೂ ಅವರೇ. "ಆಂಟಿ, ನಿಮ್ ಸಾಂಬಾರ್ ಸೂಪರ್!" ಎಂದು ಒಂದು ಮಗು ಮೊದಲ ಸಲ ಹೇಳಿದಾಗ ತಿದ್ದಬೇಕೆಂದುಕೊಂಡೆ. ಸಾಲು ಉದ್ದವಿತ್ತು, ಬಕೆಟ್ಟು ಸುಡುತ್ತಿತ್ತು. ನಾಳೆ ಹೇಳೋಣ ಎಂದು ಬಿಟ್ಟೆ. ಹೊಗಳಿಕೆಯೂ ಬಾಡಿಗೆ ಮನೆಯ ಹಾಗೆ, ಹನ್ನೆರಡು ವರ್ಷ ಇದ್ದುಬಿಟ್ಟರೆ ಸ್ವಂತದ್ದೇ ಅನ್ನಿಸುತ್ತದೆ. ಒಲೆಯ ಸದ್ದಿನಲ್ಲಿ ಇದೆಲ್ಲ ಸರೋಜಕ್ಕನಿಗೆ ಕೇಳಿಸುವುದಿಲ್ಲ ಎಂದು ನಂಬಿಕೊಂಡಿದ್ದೆ.

ಕೊರೊನಾ ಬಂತು. ಮಕ್ಕಳ ಪಾಠ ಮೊಬೈಲಿಗೆ ಹೋಯಿತು, ಅವರ ಪಾಲಿನ ಊಟ ಚೀಲಕ್ಕೆ ಬಂತು. ಮಗುವಿಗೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ಅಳೆದು ಮನೆಯವರ ಕೈಗೆ ಕೊಡಬೇಕು. ಸರೋಜಕ್ಕನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ನೀವು ಬರಬೇಡಿ ಎಂದು ಹೆಡ್ ಮಿಸ್ ಹೇಳಿದ್ದರು, ಅಳೆಯಲು ನಾನೊಬ್ಬಳೇ. ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ತಂದೆತಾಯಂದಿರು ಕುಂಟೆಬಿಲ್ಲೆ ಆಡಲು ಬಂದವರಂತೆ ನಿಂತಿರುತ್ತಿದ್ದರು. ಉಳಿದ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಾದರೆ ಕೈ ತಾನಾಗಿ ದೊಡ್ಡ ಪಾತ್ರೆಯನ್ನು ಹುಡುಕುತ್ತಿತ್ತು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವುದು, ಬಾಗಿಲಿಗೆ ಹೋಗುವುದು, ಬರುವುದು. ಬೇಯಿಸಿದ ಅನ್ನದ ರಾಶಿ ನೋಡಿ ನಮ್ಮ ಯಜಮಾನರು, "ಯಾರ್ದಾದ್ರೂ ಮದುವೆ ಇದೆಯೇನೇ?" ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಅಕ್ಕಿ ಅಳೆಯುತ್ತಿದ್ದೆ. ರೇಣುಕಾ ಬಂದು ನಿಂತಳು. ಗದಗಿನ ಕಡೆಯವಳು, ಗಂಡ ಹೆಂಡತಿ ಇಬ್ಬರೂ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸದವರು, ಶಾಲೆಯ ಹಿಂದಿನ ಶೆಡ್ಡುಗಳಲ್ಲಿ ವಾಸ. ಜೊತೆಗೆ ಎರಡನೇ ಕ್ಲಾಸಿನ ಮಗಳು ಪಲ್ಲವಿ. "ಅಕ್ಕಾರ, ಅಕ್ಕಿ ಬ್ಯಾಳಿ ಕೊಟ್ರಿ, ಚಲೋ ಆತು. ಆದ್ರ ಇಕಿ ಉಣ್ಣಾಕ ಒಲ್ಲೆ ಅಂತಾಳ್ರೀ. ಸಾಲ್ಯಾಗಿನ ಸಾಂಬಾರನ ಬೇಕಂತ. ನಾ ಮಾಡಿದ್ದು ಮೂಸಿ ನೋಡಿ ಎದ್ದ್ ಹೋಗ್ತಾಳ. ನೀವು ಹೆಂಗ ಮಾಡ್ತಿದ್ರಿ, ಹೇಳ್ರಲ್ಲಾ" ಎಂದಳು. ಮಗುವಿನ ಫ್ರಾಕು ಭುಜದಿಂದ ಜಾರುತ್ತಿತ್ತು. ಮಾರ್ಚಿನಲ್ಲಿ ಅದೇ ಫ್ರಾಕು ಬಿಗಿಯಾಗಿದ್ದುದು ನನಗೆ ನೆನಪಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ನಾನು ಗಂಭೀರವಾಗಿ, "ಅದಕ್ಕೊಂದು ಹದ ಇದೆ ಕಣಮ್ಮ. ನಾಳೆ ಹೇಳ್ತೀನಿ" ಎಂದೆ. ಹದ ನನಗೆ ಗೊತ್ತಿದ್ದರೆ ತಾನೇ!

ಮನೆಗೆ ಬಂದವಳೇ ಸರೋಜಕ್ಕನಿಗೆ ಫೋನ್ ಮಾಡಿ, ನಾಲ್ಕು ಜನಕ್ಕೆ ಸಾಂಬಾರು ಹೇಗೆ ಮಾಡುವುದು ಎಂದು ಕೇಳಿದೆ.

"ನಾಲ್ಕು ಜನಕ್ಕಾ? ನಂಗೇನೇ ಗೊತ್ತು! ಮನೇಲಿ ಸೊಸೆ ಮಾಡೋದು."

"ಹುಣಸೆಹಣ್ಣು ಎಷ್ಟು, ಅದಾದ್ರೂ ಹೇಳಕ್ಕ."

"ಒಂದು ತೆಂಗಿನಕಾಯಷ್ಟು."

"ಅದು ಸ್ಕೂಲಿಗಲ್ವಾ?"

"ಹೌದಲ್ವಾ. ಹಂಗಾದ್ರೆ ಸಣ್ಣ ತೆಂಗಿನಕಾಯಿ."

"ಉಪ್ಪು?"

"ನನ್ನ ಕೈಯಲ್ಲಿ ಆರು ಹಿಡಿ. ನಿಂದು ಕೈಯಾ, ಮೊರ. ನಿಂಗೆ ನಾಲ್ಕು ಸಾಕು."

ನಮ್ಮ ಯಜಮಾನರು ಪೆನ್ಸಿಲ್ ಹಿಡಿದು ಎಲ್ಲವನ್ನೂ ಮೂವತ್ತೈದರಿಂದ ಭಾಗಿಸಿ, ಮೆಣಸಿನಕಾಯಿ ಒಂದೂಕಾಲು ಬರುತ್ತದೆ, ಆ ಕಾಲು ತೊಟ್ಟಿನ ಕಡೆಯದೋ ತುದಿಯ ಕಡೆಯದೋ ಎಂದು ಕೇಳಿದರು. ರೇಣುಕಾ ಆ ಪ್ರಕಾರವೇ ಮಾಡಿದಳು. ಪಲ್ಲವಿ ಮೂಸಿ ನೋಡಿ, "ಇದಲ್ಲ" ಎಂದಳಂತೆ. ಇದನ್ನು ಕೇಳಿ ಸರೋಜಕ್ಕ, "ಆ ಸಾಂಬಾರು ಸಣ್ಣ ಪಾತ್ರೇಲಿ ಆಗಲ್ಲ ಕಣೇ. ಶೆಡ್ಡಿನ ಮಕ್ಕಳದೆಲ್ಲಾ ಬೇಳೆ ಒಟ್ಟು ಹಾಕ್ಸು. ದೊಡ್ಡದಾಗಿ ಮಾಡು. ನಾನು ಫೋನಲ್ಲಿರ್ತೀನಿ" ಎಂದಳು.

ಭಾನುವಾರ ಎಂಟು ಶೆಡ್ಡುಗಳ ಬೇಳೆ ಒಂದೇ ಪಾತ್ರೆಗೆ ಬಿತ್ತು. ಮೂರು ಕಲ್ಲಿನ ಒಲೆ. ಸರೋಜಕ್ಕ ಹೇಳಿದಂತೆ ನಾನು ಫೋನನ್ನು ಪಾತ್ರೆಯ ಮೇಲೆ ಹಿಡಿದೆ. ಅವಳು ಕುದಿ ಕೇಳಿಯೇ ಹದ ಹೇಳುವವಳು. "ಇನ್ನೂ ಗಳಗಳ ಅಂತಿದೆ, ತಡಿ. ಗೊಟಕ್ ಗೊಟಕ್ ಅನ್ಲಿ" ಎಂದಿತು ಫೋನು. ಪಕ್ಕದಲ್ಲಿದ್ದ ರೇಣುಕಾ, "ಯಾರ್ರೀ ಅಕ್ಕಾರ, ಫೋನಿನ್ಯಾಗ?" ಎಂದಳು.

"ನಮ್ಮ ಸರೋಜಕ್ಕ. ಸ್ಕೂಲಲ್ಲಿ ನನ್ ಜೊತೆ ಇದ್ರಲ್ಲ. ಅವರಿಗೂ ಸಾಂಬಾರು ಹೇಳ್ಕೊಡ್ತಾ ಇದೀನಿ."

ಬಾಯಿಂದ ಬಂದೇಬಿಟ್ಟಿತು. ಸ್ಪೀಕರ್ ಆನ್ ಆಗಿತ್ತು. ಎದುರಿಗೆ ಉರಿಯುತ್ತಿದ್ದ ಒಲೆಗಿಂತ ನನ್ನ ಮುಖ ಹೆಚ್ಚು ಬಿಸಿಯಾಯಿತು. ಫೋನಿನಲ್ಲಿ ಸರೋಜಕ್ಕನ ದನಿ, ತೀರಾ ವಿನಯದಿಂದ: "ಹೌದು ಕಣಮ್ಮ, ಕಲೀತಾ ಇದೀನಿ. ಜಯಮ್ಮೋರೇ, ಈಗ ಗೊಟಕ್ ಗೊಟಕ್ ಅಂತಿದೆಯಲ್ಲ, ಒಗ್ಗರಣೆ ಹಾಕ್ಬೋದಾ? ಹಿಂಗು ಮರೀಬಾರ್ದು ಅಂತ ನೀವೇ ಹೇಳ್ತಿದ್ರಿ." ನಾನು ಹಿಂಗು ಮರೆತಿದ್ದೆ. ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಜಯಮ್ಮೋರೇ ಎಂದದ್ದು ಅದೊಂದೇ ಸಲ.

ಮನೆಗೆ ನಡೆದು ಬರುವಾಗ ಅವಳೇ ಫೋನ್ ಮಾಡಿದಳು. "ಮಗು ತಿಂತಾ?"

"ಎರಡು ಸಲ ಹಾಕಿಸ್ಕೊಂಡ್ಳು. ಅಕ್ಕ, ನಾನು ಅಲ್ಲಿ ಅಂದಿದ್ದು..."

"ನಂಗೇನು ಕಿವುಡೇನೇ? ವರ್ಷಗಟ್ಲೆ ಕೇಳಿಸ್ಕೊಂಡಿದೀನಿ. ಹೊಗಳಿಸ್ಕೊಂಡ ದಿನ ನೀನು ಜಗಳ ಆಡಲ್ಲ, ನಂಗೂ ಆರಾಮು."

ಶಾಲೆ ತೆರೆದ ಮೊದಲ ದಿನವೇ ಅವಳ ಕೈಗೆ ಸೌಟು ಕೊಟ್ಟು, ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದು ಮಾತು ಕೊಟ್ಟೆ. "ಹೇಳು, ನೋಡಣ" ಎಂದು ನಕ್ಕಳು.

ಆ ವರ್ಷವೆಲ್ಲ ಭಾನುವಾರದ ಸಾಂಬಾರು ಹೀಗೆಯೇ ನಡೆಯಿತು. ಕುದಿಯ ಸದ್ದು ಹಿಡಿಯುವುದನ್ನು ನಾನೂ ಮೆಲ್ಲಗೆ ಕಲಿತೆ. ಮರುವರ್ಷದ ಎರಡನೇ ಅಲೆಯಲ್ಲಿ ಸರೋಜಕ್ಕ ಆಸ್ಪತ್ರೆಗೆ ಸೇರಿದಳು. ಎಂಟು ದಿನಕ್ಕೆ ಹೋಗಿಬಿಟ್ಟಳು. ಮುಖ ನೋಡಲು ಯಾರನ್ನೂ ಬಿಡಲಿಲ್ಲ.

ಶಾಲೆ ತೆರೆದ ದಿನ ಪ್ರಾರ್ಥನೆ ಮುಗಿದ ಮೇಲೆ ಒಂದು ನಿಮಿಷ ಮೌನ ಆಚರಿಸಿದರು. ಹೆಡ್ ಮಿಸ್ ಕಣ್ಣೊರೆಸಿಕೊಂಡು, "ಸರೋಜಮ್ಮ ಮಲ್ಲಿಗೆ ಹೂವಿನಂಥ ಅನ್ನ ಮಾಡ್ತಿದ್ರು. ಅವರಿಲ್ಲ. ಆದ್ರೆ ನಮ್ಮ ಜಯಮ್ಮನ ಸಾಂಬಾರು ಇದ್ದೇ ಇದೆ, ಮಕ್ಕಳೇ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ತಳ ಹಿಡಿದ ನನ್ನ ಅನ್ನ ಅವಳ ತಲೆಗೆ, ಅವಳ ಸಾಂಬಾರು ನನ್ನ ತಲೆಗೆ. ನಾನು ತಲೆ ತಗ್ಗಿಸಿ ನಿಂತೆ. ದುಃಖಕ್ಕೆ ಎಂದುಕೊಂಡರು, ದುಃಖವೂ ಇತ್ತು.

ಈಗ ಅನ್ನಕ್ಕೆ ಬೇರೆಯವರು ಬಂದಿದ್ದಾರೆ, ಸಾಂಬಾರು ನಾನೇ ಮಾಡುತ್ತೇನೆ. ಹೇಳಲು ಹೊರಟಾಗಲೆಲ್ಲ ಒಂದೊಂದು ನೆಪ: ಪರೀಕ್ಷೆ ಮುಗಿಯಲಿ, ಹೊಸ ಮಕ್ಕಳು ಹೊಂದಿಕೊಳ್ಳಲಿ, ಇವತ್ತು ಬೇಳೆ ಸರಿಯಾಗಿ ಬೆಂದಿಲ್ಲ, ಇಂಥ ಸಾಂಬಾರಿಗೆ ಅವಳ ಹೆಸರು ಹೇಳುವುದೇ? ನಿಮಗೆ ಹೇಳುವುದು ಸುಲಭ, ನೀವು ತಟ್ಟೆ ಹಿಡಿದು ನನ್ನ ಮುಖ ನೋಡುತ್ತಾ ನಿಂತಿಲ್ಲ. ನಮ್ಮ ಶಾಲೆಯ ಸಾಂಬಾರು ಸರೋಜಕ್ಕನದು ಎಂದು ಅಲ್ಲಿ ಉಣ್ಣುವ ಒಂದು ಮಗುವಿಗೂ ಇನ್ನೂ ಗೊತ್ತಿಲ್ಲ.