ಒಂದು ಗುಡಿಸಿನ ತೂಕ

ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಗರ್ವವೊಂದು ಎಪ್ಪತ್ತೊಂದನೆಯ ವಯಸ್ಸಿನವರೆಗೂ ನನ್ನಲ್ಲಿ ಕ್ಷೇಮವಾಗಿತ್ತು. ಸುಂಟಿಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮೂವತ್ತೆಂಟು ವರ್ಷ ರೈಟರ್ ಆಗಿದ್ದೆ. ಹೊರಗಿನವರಿಗೆ ಹೀಗೆಂದರೆ, ಎಷ್ಟು ಪುಸ್ತಕ ಬರೆದಿದ್ದೀರಿ ಎಂದು ಕೇಳುತ್ತಾರೆ. ಮೂವತ್ತೆಂಟು ಎನ್ನುತ್ತೇನೆ, ವರ್ಷಕ್ಕೊಂದು ಹಾಜರಿ ಪುಸ್ತಕ. ಬೆಳಿಗ್ಗೆ ಏಳಕ್ಕೆ ಆಳುಗಳ ಹೆಸರು ಕೂಗುವುದು, ಸಂಜೆ ಅವರು ಕುಯ್ದು ತಂದ ಹಣ್ಣನ್ನು ತೂಗುವುದು. ನೂರು ಗ್ರಾಮನ್ನೂ ಯಾರಿಗೂ ಹೆಚ್ಚು ಬರೆಯಲಿಲ್ಲ, ಕಡಿಮೆಯೂ ಬರೆಯಲಿಲ್ಲ. ಗೋಣಿಯ ತೂಕ ಕಳೆಯದೆ ತಕ್ಕಡಿಯ ಮುಳ್ಳನ್ನು ನಂಬಲಿಲ್ಲ. ನಿವೃತ್ತನಾಗಿ ಕುಶಾಲನಗರದ ಹತ್ತಿರ ಮನೆ ಮಾಡಿದ ಮೇಲೂ ಏಳು ಗಂಟೆಗೆ ಸರಿಯಾಗಿ ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತೇನೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲ ಪಾತ್ರೆ ಕುಕ್ಕುವ ಸದ್ದು ಕೇಳಿಸುತ್ತದೆ. ಅದೇ ಅವಳ ಹಾಜರಿ.

ಇಂಥ ಮನೆಯಲ್ಲಿ ನಮ್ಮ ಸೊಸೆ ಭವ್ಯ ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಪಿಯುಸಿ ಜೀವಶಾಸ್ತ್ರದ ಪರೀಕ್ಷೆಗೆ ಮತ್ತೆ ಕಟ್ಟಿದಳು. ಹದಿನಾರು ವರ್ಷದ ಹಿಂದೆ ಅದೊಂದೇ ವಿಷಯದಲ್ಲಿ ಮೂರು ಅಂಕಕ್ಕೆ ಫೇಲಾಗಿ, ಆಮೇಲೆ ಮದುವೆ, ಮಗು ಎಂದು ಪುಸ್ತಕ ಅಟ್ಟ ಸೇರಿತ್ತು. ಈಗ ಊರಿನ ರಕ್ತಪರೀಕ್ಷೆಯ ಸಣ್ಣ ಲ್ಯಾಬೊಂದರಲ್ಲಿ ಶೀಶೆ ತೊಳೆಯುವ ಕೆಲಸ ಮಾಡುತ್ತಿದ್ದಾಳೆ. ಪಿಯುಸಿ ಮುಗಿಸಿದರೆ ಪರೀಕ್ಷೆ ಮಾಡುವ ಕೆಲಸದ ತರಬೇತಿಗೆ ಸೇರಿಸುತ್ತೇನೆ, ಈ ಸಲ ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದರು. ಸುದ್ದಿ ಕೇಳಿದ ದಿನವೇ ನಾನು ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಐದರಿಂದ ಆರೂವರೆ ಓದು. ಅವಳನ್ನು ಕೇಳಿ ಬರೆದದ್ದಲ್ಲ. ಆಳುಗಳನ್ನು ಕೇಳಿ ಯಾರಾದರೂ ರೋಲ್‌ಕಾಲ್ ಇಡುತ್ತಾರೆಯೇ?

ಐದಕ್ಕೆ ಅವಳು ಏಳುತ್ತಿದ್ದಳು, ಓದುತ್ತಿದ್ದಳು. ಆದರೆ ಒಂದು ಅಧ್ಯಾಯ ಬಂದಾಗಲೆಲ್ಲ ಮುಖ ಬಾಡುತ್ತಿತ್ತು. ಏನೆಂದು ಕೇಳಿದೆ. ಡಿಎನ್‌ಎ ಎಂದಳು. ಹದಿನಾರು ವರ್ಷದ ಹಿಂದೆ ಅವಳು ಮುಗ್ಗರಿಸಿದ್ದು ಅಲ್ಲೇ ಅಂತೆ. ತಿರುಚಿದ ಏಣಿಯ ಹಾಗಿರುವ ವಸ್ತು. ಅದರ ಒಂದೊಂದು ಮೆಟ್ಟಿಲೂ ಎರಡು ತುಂಡು ಸೇರಿ ಆದದ್ದು. ತುಂಡುಗಳಲ್ಲಿ ನಾಲ್ಕೇ ಜಾತಿ: ಅಡಿನೈನ್, ಗ್ವಾನಿನ್, ಥೈಮಿನ್, ಸೈಟೊಸಿನ್. ಯಾರ ಜೊತೆ ಯಾರು ಎಂಬುದು ಮನೆಯಲ್ಲಿ ನೆನಪಿರುತ್ತದೆ, ಪರೀಕ್ಷೆಯ ಹಾಲಿನಲ್ಲಿ ಕಲಸಿಹೋಗುತ್ತದೆ.

ನಾನು ಎಸ್ಸೆಸ್ಸೆಲ್ಸಿಗೆ ನಿಂತವನು. ಆದರೆ ಯಾರ ಜೊತೆ ಯಾರು ಎಂಬ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಪುಸ್ತಕ ಈ ಕಡೆ ತಿರುಗಿಸಮ್ಮ ಎಂದೆ. "ಇವ್ರಲ್ಲಿ ಉದ್ದ ಇರೋರ್ಯಾರು, ಗಿಡ್ಡ ಇರೋರ್ಯಾರು?"

ಭವ್ಯ ನಕ್ಕಳು. "ಮಾವ, ಇವು ಆಳಲ್ಲ."

ನಾನು ಬಿಡಲಿಲ್ಲ. ನನ್ನ ಎಸ್ಟೇಟಿನಲ್ಲಿ ಕುಯ್ಲಿನ ಕಾಲಕ್ಕೆ ಒಂದು ಸಾಲಿಗೆ ಇಬ್ಬರು. ಇಬ್ಬರೂ ಉದ್ದದವರಾದರೆ ಬುಡದ ಹಣ್ಣು ಗಿಡದಲ್ಲೇ ಉಳಿಯುತ್ತದೆ. ಇಬ್ಬರೂ ಗಿಡ್ಡಗಿದ್ದರೆ ತುದಿಯ ಕೊಂಬೆ ಎಳೆದೆಳೆದು ಮುರಿಯುತ್ತಾರೆ. ಅದಕ್ಕೆ ಉದ್ದದವರ ಜೊತೆ ಗಿಡ್ಡಗಿರುವವರು ಎಂದು ನಾನೇ ಕಟ್ಟಳೆ ಮಾಡಿದ್ದೆ. ಇಷ್ಟನ್ನು ವಿವರಿಸುವಾಗ ಅವಳ ಬೆರಳು ಚಿತ್ರದ ಮೇಲೆ ನಿಂತಿತು. ಅಡಿನೈನ್, ಗ್ವಾನಿನ್ ಎರಡೆರಡು ಉಂಗುರದ ದೊಡ್ಡವರು. ಥೈಮಿನ್, ಸೈಟೊಸಿನ್ ಒಂದೊಂದೇ ಉಂಗುರದ ಚಿಕ್ಕವರು. ದೊಡ್ಡವರೊಡನೆ ಚಿಕ್ಕವರು ನಿಂತರೆ ತಾನೇ ಏಣಿಯ ಅಗಲ ಎಲ್ಲ ಕಡೆ ಒಂದೇ ಇರುವುದು? ಹಾಗಾದರೆ ಅಡಿನೈನ್ ಯಾಕೆ ಸೈಟೊಸಿನ್ ಜೊತೆ ಹೋಗುವುದಿಲ್ಲ ಎಂದು ಕೇಳಿದೆ. ಅದನ್ನು ಅವಳೇ ಹುಡುಕಿದಳು. ಅಡಿನೈನ್, ಥೈಮಿನ್ ಹಿಡಿದುಕೊಳ್ಳುವುದು ಎರಡು ಬಂಧದಲ್ಲಿ. ಗ್ವಾನಿನ್, ಸೈಟೊಸಿನ್ ಮೂರು ಬಂಧದಲ್ಲಿ. ಹೊಂದಾಣಿಕೆ ಆಗದವರನ್ನು ಒಂದು ಸಾಲಿಗೆ ಹಾಕಬಾರದು, ಅಷ್ಟೆ. ನನ್ನ ಹಳೆಯ ಹಾಜರಿಯ ನೂರಾರು ಹೆಸರುಗಳಲ್ಲಿ ಹುಡುಕಿ, ಮೊದಲ ಸದ್ದು ಹೊಂದುವ ನಾಲ್ವರನ್ನು ಆರಿಸಿಕೊಟ್ಟೆ: ಉದ್ದನೆಯ ಅಕ್ಕಮ್ಮನ ಜೊತೆ ಗಿಡ್ಡ ತಾಯಮ್ಮ, ಉದ್ದನೆಯ ಗೌರಿಯ ಜೊತೆ ಗಿಡ್ಡ ಸಣ್ಣಿ. ಅವಳು ನಾಲ್ಕು ಸಲ ಹೇಳಿಕೊಂಡಳು. ಆಮೇಲೆ ಮರೆಯಲಿಲ್ಲ.

ಮರುದಿನ ಏಣಿ ನಕಲಾಗುವ ಪಾಠ. ಅದಕ್ಕೂ ನನ್ನಲ್ಲಿ ಮದ್ದಿತ್ತು. ಒಂದು ವರ್ಷ ಆಫೀಸಿಗೆ ನುಗ್ಗಿದ ಕರುವೊಂದು ಜೋಡಿಗಳ ಪಟ್ಟಿಯ ಬಲಗಡೆಯ ಅರ್ಧವನ್ನು ತಿಂದುಹಾಕಿತ್ತು. ನಾನು ಗಾಬರಿಯಾಗಲಿಲ್ಲ. ಎಡಗಡೆ ಅಕ್ಕಮ್ಮ ಇದ್ದಾಳೆಂದರೆ ಬಲಗಡೆ ತಾಯಮ್ಮನೇ. ಅರ್ಧ ಗಂಟೆಯಲ್ಲಿ ಪಟ್ಟಿ ಪೂರ್ತಿಯಾಯಿತು. ಭವ್ಯ ಪೆನ್ಸಿಲ್ ಕೆಳಗಿಟ್ಟು, ಇದೇ ಮಾವ ಎಂದಳು. ಏಣಿ ನಡುವೆ ಸೀಳುತ್ತದೆ, ಒಂದೊಂದು ಅರ್ಧವೂ ತನ್ನ ಜೊತೆಯ ಅರ್ಧವನ್ನು ಕಟ್ಟಿಕೊಳ್ಳುತ್ತದೆ, ಒಂದು ಏಣಿ ಇದ್ದಲ್ಲಿ ಎರಡಾಗುತ್ತವೆ, ಪ್ರತಿಯೊಂದರಲ್ಲೂ ಒಂದು ಹಳೆಯ ಕಡೆ, ಒಂದು ಹೊಸ ಕಡೆ. ಆ ಕರುವಿಗೆ ಇಷ್ಟೆಲ್ಲ ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ನಾನು ಸೋತದ್ದು ತೂಕದಲ್ಲಿ. ನಮ್ಮ ಒಂದು ಜೀವಕೋಶದ ಡಿಎನ್‌ಎ ಎಲ್ಲ ಸೇರಿ ಸುಮಾರು ಆರೂವರೆ ಪಿಕೊಗ್ರಾಂ ಎಂದು ಅವಳು ಓದಿದಳು. ಗ್ರಾಮಿಗೆ ಎಷ್ಟು ಎಂದೆ. ಸಾವಿರದಲ್ಲಿ ಒಂದು ಪಾಲು ಮಿಲಿ, ಅದರ ಸಾವಿರದಲ್ಲಿ ಒಂದು ಮೈಕ್ರೋ, ಅದರದ್ದು ನ್ಯಾನೋ, ಅದರದ್ದು ಪಿಕೊ. ಬೆರಳು ಮಡಿಸುತ್ತ ಹೋದವನು ಕೊನೆಗೆ ಮುಷ್ಟಿ ಕಟ್ಟಿಕೊಂಡು ಕೂತೆ. ಲಕ್ಷ ಕೋಟಿ ಪಿಕೊಗ್ರಾಂ ಸೇರಿದರೆ ಒಂದು ಗ್ರಾಂ. ನನ್ನ ತಕ್ಕಡಿಯ ಮುಳ್ಳು ನೂರು ಗ್ರಾಮಿಗಿಂತ ಕೆಳಗೆ ಅಲುಗುತ್ತಲೇ ಇರಲಿಲ್ಲ. ಯಾರು ತೂಗಿದ್ದು, ಗೋಣಿ ಕಳೆದಿದ್ದಾರೋ ಎಂದು ಕೇಳಿದೆ. ಬಹಳಷ್ಟು ಕೋಶಗಳನ್ನು ಎಣಿಸಿ, ಎಲ್ಲದರ ಡಿಎನ್‌ಎಯನ್ನೂ ಒಟ್ಟಿಗೆ ಅಳೆದು ಭಾಗಿಸಿದರೂ ಆಯಿತಲ್ಲ ಎಂದು ಅವಳು ತಾಳ್ಮೆಯಿಂದ ಹೇಳಿದಳು. ನ್ಯಾಯವಾಗಿಯೇ ಇತ್ತು. ಆದರೂ ಅಷ್ಟು ಹಗುರದ್ದನ್ನು ತೂಕ ಎನ್ನಲು ನನಗೆ ಮನಸ್ಸು ಬರಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದುಬಿಟ್ಟೆ.

ಅವಳು ಒಪ್ಪಲಿಲ್ಲ. ನಕಲು ಮಾಡುವಾಗ ಒಂದು ತುಂಡು, ಅಂದರೆ ಒಂದು ಅಕ್ಷರ, ತಪ್ಪಿದರೂ ಆ ತಪ್ಪು ಮುಂದಿನ ನಕಲಿಗೆ, ಅದರ ಮುಂದಿನದಕ್ಕೆ ಹೋಗುತ್ತಲೇ ಇರುತ್ತದಂತೆ. ಕೆಲವು ತಪ್ಪಿನಿಂದ ಏನೂ ಆಗುವುದಿಲ್ಲ, ಕೆಲವು ಕಾಯಿಲೆ ತರುತ್ತವೆ. "ನಿಮ್ಮ ಪುಸ್ತಕದಲ್ಲಿ ಅಂಥಾದ್ದು ಒಂದೂ ಆಗ್ಲಿಲ್ವಾ ಮಾವ?"

ಒಂದೂ ಇಲ್ಲ ಎಂದೆ. ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತು. "ಸಣ್ಣಿ ಅಂಗಿ ಕತೆ ಹೇಳ್ರೀ," ಎಂದಳು ಸುಶೀಲ.

ಹೇಳಬೇಕಾಯಿತು. ಒಂದು ವರ್ಷ ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಹೆಸರು ಇಳಿಸುವಾಗ ಸಣ್ಣಿಯ ಕೊನೆಯ ಅಕ್ಷರಕ್ಕೆ ಗುಡಿಸು ಬಿಟ್ಟುಹೋಯಿತು. ತಲೆಯ ಮೇಲಿನ ಆ ಸಣ್ಣ ಸುತ್ತು ಇಲ್ಲದೆ ಸಣ್ಣಿ ಪುಸ್ತಕದಲ್ಲಿ ಸಣ್ಣ ಎಂಬ ಗಂಡಸಾದಳು. ಮುಂದಿನ ವರ್ಷ ಅದನ್ನು ನೋಡಿ ಬರೆದೆ, ಅದರ ಮುಂದಿನ ವರ್ಷ ಇದನ್ನು ನೋಡಿ. ಬೆಳಿಗ್ಗೆ ಬಾಯಿ ಮಾತ್ರ ಅಭ್ಯಾಸದಿಂದ ಸಣ್ಣಿ ಎಂದೇ ಕೂಗುತ್ತಿತ್ತು, ಹಾಗಾಗಿ ಕಣ್ಣಿಗೆ ಬೀಳಲೇ ಇಲ್ಲ. ಹುತ್ತರಿ ಹಬ್ಬಕ್ಕೆ ಎಸ್ಟೇಟಿನಿಂದ ಹೆಂಗಸರಿಗೆ ಸೀರೆ, ಗಂಡಸರಿಗೆ ಅಂಗಿ ಕೊಡುತ್ತಿದ್ದರು. ಆಫೀಸಿನವರು ಪುಸ್ತಕದ ಪ್ರಕಾರ ಕಟ್ಟಿಟ್ಟ ಪೊಟ್ಟಣ. ಸಣ್ಣಿಗೆ ಹನ್ನೊಂದು ವರ್ಷ ಅಂಗಿ ಬಂತು. ಹನ್ನೆರಡನೆಯ ಸಲ ಅವಳು ಪೊಟ್ಟಣ ಬಿಚ್ಚದೆ ನನ್ನ ಮೇಜಿನ ಮೇಲಿಟ್ಟು ನಿಂತಳು.

"ರೈಟ್ರೇ, ಇಷ್ಟ್ ದಿವ್ಸ ಮನೆಯವ್ರು ಹಾಕ್ಕೊಂತಿದ್ರು, ನಾನೂ ಸುಮ್ನಿದ್ದೆ. ಈಗ ಹಾಕ್ಕೊಳ್ಳೋರು ಹೋಗ್ಬುಟ್ರು."

ಅಷ್ಟೇ ಹೇಳಿದ್ದು. ನಾನು ಪುಸ್ತಕ ತೆಗೆದು ಕೆಂಪು ಶಾಯಿಯಲ್ಲಿ ಗುಡಿಸು ಹಾಕಿದೆ. ಆ ಸಂಜೆ ಸುಶೀಲ ತನ್ನ ಹೊಸ ಸೀರೆಯನ್ನು ಆಳುಗಳ ಲೈನಿನಲ್ಲಿದ್ದ ಅವಳ ಮನೆಗೆ ಹೋಗಿ ಕೊಟ್ಟುಬಂದಳು. ಉಳಿದ ಹನ್ನೊಂದು ಸೀರೆಯ ಬಗ್ಗೆ ಸಣ್ಣಿಯೂ ಕೇಳಲಿಲ್ಲ, ನಾನೂ ಮಾತೆತ್ತಲಿಲ್ಲ. ನೂರು ಗ್ರಾಂ ಬಿಡದವನು ಆ ಗುಡಿಸಿಗೆ ಬೇಕಿದ್ದ ಶಾಯಿಯ ತೂಕವನ್ನು ಈಗ, ಇಷ್ಟು ವರ್ಷದ ಮೇಲೆ, ಲೆಕ್ಕ ಹಾಕುತ್ತ ಕೂತೆ. ನನ್ನ ಮುಳ್ಳು ಅಲುಗುತ್ತಿರಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಮಾತನ್ನು ವಾಪಸು ತೆಗೆದುಕೊಂಡೆ. ಭವ್ಯ ನನ್ನ ಮುಖ ನೋಡಿ, ಕಾಫಿ ಮಾಡಿ ತರುತ್ತೇನೆ ಎಂದು ಎದ್ದಳು. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಕಾಫಿ ಇರಲಿಲ್ಲ. ತಂದದ್ದನ್ನು ಪೂರ್ತಿ ಕುಡಿದೆ.

ಪರೀಕ್ಷೆಯಲ್ಲಿ ಜೋಡಿಯ ಪ್ರಶ್ನೆ ಬಂದಿತ್ತು. ಗ್ವಾನಿನ್ ಜೊತೆ ಸಣ್ಣಿ ಎಂದು ಬರೆದು, ಹೊಡೆದುಹಾಕಿ, ಸೈಟೊಸಿನ್ ಎಂದು ತಿದ್ದಿದೆ ಎಂದು ಭವ್ಯ ಹೇಳಿದಳು. ಪಾಸಾದಳು. ತರಬೇತಿಯೂ ಶುರುವಾಯಿತು. ಮೊನ್ನೆ ನನ್ನ ಸಕ್ಕರೆ ಪರೀಕ್ಷೆಗೆ ಅವಳೇ ರಕ್ತ ತೆಗೆದಳು, ನೋವಾಗಲಿಲ್ಲ. ಶೀಶೆಗೆ ಚೀಟಿ ಅಂಟಿಸಿ, ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಲ್ಲ ಸರಿಯಿದೆಯೇ ಓದಿ ಸಹಿ ಮಾಡಿ ಎಂದು ಕಾಗದ ಮುಂದಿಟ್ಟಳು. ಸರಿಯಾಗಿದೆ, ಸರಿಯಾಗಿದೆ ಎಂದು ಪೆನ್ನು ತೆಗೆದೆ.

"ಕನ್ನಡಕ ಹಾಕ್ಕೊಂಡು ಓದಿ ಮಾವ," ಎಂದಳು. "ಇಲ್ದಿದ್ರೆ ಈ ಹುತ್ತರಿಗೆ ನಿಮಗೆ ಸೀರೆ ಬರುತ್ತೆ."