ಹಡಗಿಗೊಂದು ಮುಯ್ಯಾಳು

ಹಡಗಿಗೂ ಹಸುವಿಗೂ ಏನು ಸಂಬಂಧ ಎಂದು ಕೇಳುವವರು ಹಸು ಸಾಕಿದವರಲ್ಲ. ಹುಲಿಯಪ್ಪನ ಮನೆಯ ಕೆಂಪಿ ಕರು ಹಾಕಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಮೂರು ಲೀಟರ್, ಸಂಜೆ ಎರಡು. ಆ ಐದು ಲೀಟರ್ ಹಾಲೇ ಅವನಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಅಡ್ಡ ನಿಂತಿತು.

ಹುಲಿಯಪ್ಪ ಹೊಳೆಬಾಗಿಲ ಲಾಂಚಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಶರಾವತಿ ಹಿನ್ನೀರಿನ ಈ ದಡದಿಂದ ಆ ದಡಕ್ಕೆ ಬಸ್ಸು, ಜೀಪು, ಮದುವೆ ದಿಬ್ಬಣ, ಹರಕೆಯ ಕೋಳಿ, ಎಲ್ಲವನ್ನೂ ದಾಟಿಸಿದವನು. ಸೇತುವೆ ಆದ ಮೇಲೆ ಜನ ಲಾಂಚನ್ನು ಮರೆತರು, ಅವನು ಮರೆಯಲಿಲ್ಲ. ಆವಿನಹಳ್ಳಿಯ ಆಚೆಗಿನ ಅವರ ಕೇರಿಯಲ್ಲಿ ನೀರಿನ ಮಾತು ಬಂದರೆ, ಅದು ಬಾವಿ ನೀರೇ ಆಗಿರಲಿ, ಕೊನೆಯ ಮಾತು ತನ್ನದಾಗಬೇಕು ಎಂಬ ಜಂಬ ಅವನಿಗೆ.

ಹೆಂಡತಿ ಗುತ್ಯಮ್ಮ ಮಾತ್ರ ಈ ಜಂಬಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. "ಊರ ಜನ್ರನ್ನೆಲ್ಲ ದಾಟಿಸಿದ್ರಿ. ನನ್ನ ಎಲ್ಲಿಗೆ ಕರ್ಕೊಂಡು ಹೋದ್ರಿ?" ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದಳು. ಅದಕ್ಕೆ ಉತ್ತರವಾಗಿ ಹುಲಿಯಪ್ಪ ಈ ದಸರಾ ರಜೆಗೆ ಹೆಂಡತಿ ಮಗಳನ್ನು ಸಮುದ್ರದ ಹಡಗಿನಲ್ಲಿ ಕರೆದೊಯ್ಯುವುದಾಗಿ ಘೋಷಿಸಿಬಿಟ್ಟಿದ್ದ. ಕೇರಿಯಲ್ಲಿ ಈವರೆಗೆ ಯಾರೂ ಹಡಗು ಹತ್ತಿರಲಿಲ್ಲ. ಮೊದಲು ತಾನು ಹತ್ತಬೇಕು, ಹತ್ತಿ ತಿರುಗಿ ನಿಂತು ಗುತ್ಯಮ್ಮನಿಗೆ ಕೈ ಕೊಡಬೇಕು. ಈ ಚಿತ್ರವನ್ನು ಅವನು ದಿನಕ್ಕೊಮ್ಮೆ ಮನಸ್ಸಿನಲ್ಲಿ ನೋಡಿಕೊಳ್ಳುತ್ತಿದ್ದ.

ಅಂದು ಬೆಳಿಗ್ಗೆ ಕೋಣಂದೂರಿನಿಂದ ಮಗಳು ಶಿಲ್ಪಶ್ರೀ ಫೋನ್ ಮಾಡಿದಳು. ಅವಳು ಅಲ್ಲಿನ ಶಾಲೆಯಲ್ಲಿ ಟೀಚರು.

"ಅಪ್ಪ, ಸಾಗರದ ಟ್ರಾವೆಲ್ಸ್‌ನವ್ರು ಎರಡು ಹಡಗು ಹೇಳಿದಾರೆ. ಒಂದು ಹನ್ನೊಂದು ಅಂತಸ್ತಿಂದು. ಮುಂಬೈಲಿ ಹತ್ತಿ, ಗೋವಾ, ಲಕ್ಷದ್ವೀಪ ನೋಡಿ ಐದು ದಿನಕ್ಕೆ ವಾಪಸ್ ಮುಂಬೈ. ಇನ್ನೊಂದು ಸಣ್ಣದು, ರೂಮಿಗೊಂದು ಬಾಲ್ಕನಿ. ಏಳು ದಿನ, ಕೊನೆಗೆ ಕೊಚ್ಚಿಲಿ ಇಳಿಸ್ತಾರೆ. ಯಾವ್ದು ಅಂತ ಸಂಜೆ ಐದರೊಳಗೆ ಹೇಳ್ಬೇಕು."

"ಹತ್ತಿದಲ್ಲೇ ತಂದು ಇಳಿಸೋದು ಎಂಥ ಹಡಗೇ? ಆಚೆ ದಡ ಮುಟ್ಟಿಸ್ದೆ ಇದ್ರೆ ಟಿಕೆಟ್ ಯಾಕೆ ಕೊಡ್ಬೇಕು?"

"ಅಪ್ಪ, ಅದು ಲಾಂಚಲ್ಲ. ವಿಹಾರ."

ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಗುತ್ಯಮ್ಮ ಬಾಯಿ ಹಾಕಿದಳು. "ಹಡಗು ಯಾವ್ದಾದ್ರೂ ಆಗ್ಲಿ. ಕೆಂಪಿನ ಕರೆಯೋರು ಯಾರು? ಅದ್ನ ಹೇಳಿ ಮೊದ್ಲು."

"ಎರಡೂ ನಂಗೆ ಬಿಡು. ಐದು ಗಂಟೆ ಒಳಗೆ ಹಡಗೂ ಆರಿಸ್ತೀನಿ, ಮುಯ್ಯಾಳೂ ಹುಡುಕ್ತೀನಿ" ಎಂದು ಹುಲಿಯಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡ.

ಮುಯ್ಯಾಳು ಎಂದರೆ ಕೂಲಿ ಇಲ್ಲದ ಕೆಲಸ. ಇಂದು ನಿಮ್ಮ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಬರೆದಿಡುವವರಿಲ್ಲ, ಸಾಕ್ಷಿಯಿಲ್ಲ. ಆದರೆ ಮುಯ್ಯಿ ತಪ್ಪಿಸಿದವನ ಮನೆಗೆ ನಾಟಿಗಿರಲಿ, ಊಟಕ್ಕೂ ಆಮೇಲೆ ಜನ ಬರುವುದಿಲ್ಲ. ಆ ಕೇರಿಯಲ್ಲಿ ಹಾಲು ಕರೆಯುವುದು ಹೆಂಗಸರ ಕೆಲಸ. ಗಂಡಸರಲ್ಲಿ ಕರೆಯಲು ಬರುತ್ತಿದ್ದುದು ಹುಲಿಯಪ್ಪನೊಬ್ಬನಿಗೆ. ಹಾಗಾಗಿ ತಾನು ಯಾವ ಮನೆಯಲ್ಲೂ ತಲೆಯೆತ್ತಿ ಮುಯ್ಯಾಳು ಕೇಳಬಹುದು ಎಂಬ ಧೈರ್ಯ ಅವನದು.

ಮೊದಲು ಹೋದದ್ದು ವಾಸಪ್ಪನ ಮನೆಗೆ. ವಾಸಪ್ಪ ಹಿಂದೆ ಬಸ್ ಕಂಡಕ್ಟರ್ ಆಗಿದ್ದವನು. ಎರಡು ಹಡಗಿನ ವಿಷಯ ಕೇಳಿದ್ದೇ ಚಾಪೆ ಹಾಸಿ ಕೂತುಬಿಟ್ಟ.

"ಸಣ್ಣದು ಬೇಡ್ವೇ ಬೇಡ ಮಾರಾಯ. ಮಿನಿ ಬಸ್ಸು ಘಾಟಿಲಿ ಎತ್ತಿ ಹಾಕಿದ ಹಾಗೆ ಹಾಕುತ್ತೆ. ದೊಡ್ಡದ್ರಲ್ಲೇ ಹೋಗು. ಡ್ರೈವರ್ ಹಿಂದಿನ ಸೀಟು ಕೇಳು."

"ಅಲ್ಲಿ ಸೀಟಿಲ್ಲ ವಾಸಪ್ಪ, ರೂಮು."

"ಹಾಗಾದ್ರೆ ಡ್ರೈವರ್ ಹಿಂದಿನ ರೂಮು ಕೇಳು."

ಅಡುಗೆಮನೆ ಬಾಗಿಲಲ್ಲಿ ವಾಸಪ್ಪನ ಹೆಂಡತಿ ಮೀನಾಕ್ಷಮ್ಮ ನಿಂತಿದ್ದಳು. "ಹುಲಿಯಪ್ಪಣ್ಣ, ಹಡಗಲ್ಲಿ ಅಡುಗೆ ಯಾರು ಮಾಡ್ತಾರೆ?"

"ಅವ್ರೇ ಮಾಡ್ತಾರೆ ಮೀನಾಕ್ಷಕ್ಕ. ದಿನಕ್ಕೆ ಐದು ಸಲ" ಎಂದ ಹುಲಿಯಪ್ಪ, ಅಡುಗೆಯವರನ್ನು ತಾನೇ ನೇಮಿಸಿದ ಗತ್ತಿನಲ್ಲಿ.

"ಪಾತ್ರೆ?"

"ಅದೂ ಅವ್ರೇ."

ಮೀನಾಕ್ಷಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಕೆಂಪಿನ ಬೆಳಿಗ್ಗೆ ನಾನು ಕರೀತೀನಿ. ಸಂಜೆ ಡೇರಿಗೆ ಹೋಗ್ಬೇಕು, ಆಗೋದಿಲ್ಲ. ಆದ್ರೆ ಮುಯ್ಯಾಳು ಹೌದಲ್ದಾ? ನಾನು ಎಲ್ಲಿಗಾದ್ರೂ ಹೋದ್ರೆ ನಮ್ಮನೇದ್ನ ನೀವು ಕರೀಬೇಕು, ಎರಡು ಹೊತ್ತೂ" ಎಂದಳು.

"ಎಷ್ಟು ದಿನ ಬೇಕಾದ್ರೂ! ನಮ್ಮ ದೇವ್ರಾಣೆ" ಎಂದು ಹುಲಿಯಪ್ಪ ಎದೆ ತಟ್ಟಿಕೊಂಡ. ಮೀನಾಕ್ಷಮ್ಮ ಸೊರಬದ ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅವಳು ಎಲ್ಲಿಗೆ ತಾನೇ ಹೋದಾಳು ಎಂಬುದು ಅವನ ಎಣಿಕೆ.

ಸಂಜೆಯ ಹಾಲಿಗಾಗಿ ಬೆಳ್ಳಪ್ಪನ ಮನೆಗೆ ಹೋಗಬೇಕಾಯಿತು. ವಾಸಪ್ಪನೂ ಹಿಂದೆಯೇ ಬಂದ. ಬೆಳ್ಳಪ್ಪ ದಿನವಿಡೀ ಮೊಬೈಲಿನಲ್ಲಿ ವಿಡಿಯೋ ನೋಡುವವನು. ಅವನಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ದೊಡ್ಡದಾ? ಅದ್ರಲ್ಲಿ ಮೂರು ಸಾವಿರ ಜನ! ತಿಂಡಿ ತಟ್ಟೆ ಹಿಡ್ಕೊಂಡು ನಿಂತ್ರೆ ನಿಂಗೆ ಇಡ್ಲಿ ಸಿಗೋದು ಗೋವಾದಲ್ಲಿ. ಸಣ್ಣದೇ ಸರಿ."

"ಸಣ್ಣದು ಎತ್ತಿ ಹಾಕುತ್ತೆ" ಎಂದ ವಾಸಪ್ಪ.

"ನಿಂಗೆಂತ ಗೊತ್ತು? ನೀನು ಸಮುದ್ರ ನೋಡಿದ್ದು ಮುರುಡೇಶ್ವರದಲ್ಲಿ, ಅದೂ ಬಸ್ಸಿನ ಕಿಟಕಿಯಿಂದ."

ಇಬ್ಬರೂ ಜಗಳಕ್ಕೆ ನಿಂತಾಗ ಬೆಳ್ಳಪ್ಪನ ಹೆಂಡತಿ ಸುಚಿತ್ರಾ ಕಾಫಿ ಕೊಡುತ್ತ ಮೆಲ್ಲಗೆ ಕೇಳಿದಳು. "ಅಣ್ಣ, ಹಡಗಲ್ಲಿ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ಬೇಕು?"

"ಏಳ್ಲೇಬೇಕು ಅಂತಿಲ್ಲ ತಂಗಿ."

ಸುಚಿತ್ರಾ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ಸಂಜೆ ಕರೆಯಲು ಒಪ್ಪಿದಳು, ಗುರುವಾರ ಒಂದು ಬಿಟ್ಟು. ಅಂದು ಸಾಗರದ ಸಂತೆ. ಅವಳಿಗೂ ಅದೇ ಮಾತಾಯಿತು: ಎಷ್ಟು ದಿನ ಬೇಕಾದರೂ, ಎರಡು ಹೊತ್ತೂ.

ಆ ಒಂದು ಗುರುವಾರದ ಸಂಜೆಗಾಗಿ ಮೂವರೂ ಜಟ್ಟಿಂಗಪ್ಪನ ಮನೆಗೆ ಹೊರಟರು. ಜಟ್ಟಿಂಗಪ್ಪ ಮೋಟಾರ್ ಪಂಪು ರಿಪೇರಿ ಮಾಡುವವನು. ಮಾತಿಗಿಂತ ಪ್ರಯೋಗದಲ್ಲಿ ಅವನಿಗೆ ನಂಬಿಕೆ.

"ಹೊಡೆದಾಡೋದು ಎಂತಕ್ಕೆ? ತೇಲ್ಸಿ ನೋಡುವ" ಎಂದು ಅವನು ಎಲ್ಲರನ್ನೂ ಕೊಟ್ಟಿಗೆಗೆ ಕರೆದೊಯ್ದ. ಅಲ್ಲಿ ಎಮ್ಮೆಗೆ ಕಲಗಚ್ಚು ಹಾಕುವ ಕಲ್ಲಿನ ಬಾನಿ ತುಂಬಿತ್ತು. ಅದು ಅರಬ್ಬಿ ಸಮುದ್ರವಾಯಿತು. ಒಂದು ಬೋಗುಣಿ ದೊಡ್ಡ ಹಡಗಾಯಿತು, ಒಂದು ಸ್ಟೀಲ್ ಬಟ್ಟಲು ಸಣ್ಣ ಹಡಗಾಯಿತು. ಆಚೆ ತುದಿಯ ಬಾಳೆಕಾಯಿ ಸಿಪ್ಪೆಯೇ ಲಕ್ಷದ್ವೀಪ ಎಂದು ಬೆಳ್ಳಪ್ಪ ಸಾರಿದ. ಜಟ್ಟಿಂಗಪ್ಪ ತೋಳು ಮಡಚಿ ಅಲೆ ಎಬ್ಬಿಸಿದ.

ಬಾಗಿಲಲ್ಲಿ ಅವನ ಹೆಂಡತಿ ಸೌಜನ್ಯ, ಅವಳ ಪಕ್ಕದಲ್ಲಿ ಎಪ್ಪತ್ತೆಂಟು ವರ್ಷದ ಅತ್ತೆ ನಿಂತು ನೋಡುತ್ತಿದ್ದರು. "ನನ್ನಂಥ ಮುದುಕೀರನ್ನ ಹತ್ತಿಸ್ಕೋತಾರೇನೋ ಹುಲಿಯಾ?" ಎಂದಳು ಅಜ್ಜಿ.

"ಒಳಗೆ ಲಿಫ್ಟ್ ಇದೆ ಅಜ್ಜಿ. ಕಾಲು ನೆಲಕ್ಕೆ ತಾಗ್ಸೋದು ಬೇಡ." ಹಾಗೆಂದವನೇ ಸೌಜನ್ಯಳಿಂದ ಗುರುವಾರದ ಮಾತು ತೆಗೆದುಕೊಂಡು, ತನ್ನ ಮಾತನ್ನೂ ಕೊಟ್ಟ.

"ನೋಡಿ, ಅಲೆಯನ್ನ ಹೀಗೆ ಓರೆಯಾಗಿ ತಗೋಬೇಕು. ಇದು ನೀರಲ್ಲಿ ಕೆಲ್ಸ ಮಾಡಿದವ್ರಿಗೆ ಮಾತ್ರ ಗೊತ್ತಾಗೋದು" ಎಂದು ಹುಲಿಯಪ್ಪ ಬಾನಿಯ ಮೇಲೆ ಬಗ್ಗಿದ. ಎಮ್ಮೆಗೆ ಇಷ್ಟು ಹೊತ್ತು ಕಾದದ್ದೇ ಹೆಚ್ಚಾಗಿತ್ತು. ಅದು ಮೂತಿ ತೂರಿಸಿ ದೊಡ್ಡ ಹಡಗನ್ನು ಮುಳುಗಿಸಿತು, ಸಣ್ಣದನ್ನು ಆಚೆಗೆ ಎಸೆಯಿತು, ಲಕ್ಷದ್ವೀಪವನ್ನು ತಿಂದುಬಿಟ್ಟಿತು. ಕೊಂಬಿಗೆ ಹೆದರಿ ಹುಲಿಯಪ್ಪ ಇನ್ನಷ್ಟು ಬಗ್ಗಿದಾಗ ಅಂಗಿಯ ಜೇಬಿನಿಂದ ಮೊಬೈಲು ಜಾರಿ ಕಲಗಚ್ಚಿನ ತಳ ಸೇರಿತು.

ಮೊಬೈಲನ್ನು ಒರೆಸಿ ಅಕ್ಕಿ ಡಬ್ಬಿಯಲ್ಲಿ ಹೂತದ್ದಾಯಿತು. ಪ್ರಯೋಗದ ಫಲಿತಾಂಶ ಏನೆಂಬ ಬಗ್ಗೆ ನಾಲ್ವರದೂ ನಾಲ್ಕು ಅಭಿಪ್ರಾಯ. ಎಮ್ಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದೇ ಒಂದು ಗಂಟೆಯ ಚರ್ಚೆಯಾಯಿತು. ಹೆಂಗಸರು ಯಾವಾಗ ಒಳಗೆ ಹೋದರೆಂದು ಯಾರೂ ಗಮನಿಸಲಿಲ್ಲ. ಹುಲಿಯಪ್ಪ ಗೋಡೆ ಗಡಿಯಾರ ನೋಡಿದಾಗ ನಾಲ್ಕೂಮುಕ್ಕಾಲು.

ವಾಸಪ್ಪನ ಸ್ಕೂಟರ್ ಹಿಂದೆ ಕೂತು ಸಾಗರ ಮುಟ್ಟುವಾಗ ಐದು ಹೊಡೆದು ಹತ್ತು ನಿಮಿಷ. ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತ ವಾಸಪ್ಪ ಹಿಂದೆ ಉಳಿದ. ದಾರಿಯಲ್ಲಿ ಹುಲಿಯಪ್ಪ ಕಡೆಗೂ ಗಟ್ಟಿ ಮನಸ್ಸು ಮಾಡಿದ್ದ. ಯಾರು ಏನೇ ಹೇಳಲಿ, ದೊಡ್ಡ ಹಡಗೇ. ಹನ್ನೊಂದು ಅಂತಸ್ತು ಎಂದು ಹೇಳಿಕೊಳ್ಳುವ ಗತ್ತು ಬಾಲ್ಕನಿಗೆ ಎಲ್ಲಿಂದ ಬರಬೇಕು? ಟ್ರಾವೆಲ್ಸ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

"ಮೇಡಂ, ನಾನು ಹುಲಿಯಪ್ಪ. ಶಿಲ್ಪಶ್ರೀ ಅಪ್ಪ. ಸ್ವಲ್ಪ ತಡ ಆಯ್ತು. ದೊಡ್ಡ ಹಡಗು ಬರ್ಕೊಳ್ಳಿ!"

ಕಂಪ್ಯೂಟರಿನ ಮುಂದಿದ್ದ ಧನ್ಯಶ್ರೀ ನಕ್ಕಳು. "ಕೂತ್ಕೊಳ್ಳಿ ಸರ್. ನಿಮ್ಮನೇದು ನಾಲ್ಕೂವರೆಗೇ ಬುಕ್ ಆಯ್ತಲ್ಲ. ಸಣ್ಣ ಹಡಗು, ಏಳು ದಿನದ್ದು."

"ಯಾರು ಹೇಳಿದ್ದು?"

"ನಿಮ್ಮ ಮನೆಯವ್ರೂ ಮಗಳೂ, ಫೋನಲ್ಲಿ. ಆರು ಜನ ಹೆಂಗಸ್ರು ಒಟ್ಟಿಗೆ ಹೋದ್ರೆ ಒಂದು ವಿಶೇಷ ರಿಯಾಯಿತಿ ಇತ್ತು ಸರ್. ಅಡುಗೆ, ಪಾತ್ರೆ ಕೆಲ್ಸ ಎರಡೂ ಹಡಗಲ್ಲಿ ಇಲ್ಲ ಅಂದ್ಮೇಲೆ ಯಾವ್ದು ಜಾಸ್ತಿ ದಿನವೋ ಅದು ಕೊಡಿ ಅಂದ್ರು. ನಿಮ್ಗೆ ಹೇಳೋಣ ಅಂತ ತುಂಬಾ ಸಲ ಫೋನ್ ಮಾಡಿದ್ರಂತೆ, ಸ್ವಿಚ್ ಆಫ್ ಬಂತಂತೆ."

ಧನ್ಯಶ್ರೀ ಪಟ್ಟಿ ಓದಿದಳು. ಗುತ್ಯಮ್ಮ. ಶಿಲ್ಪಶ್ರೀ. ಮೀನಾಕ್ಷಮ್ಮ. ಸುಚಿತ್ರಾ. ಸೌಜನ್ಯ. ಸೌಜನ್ಯಳ ಅತ್ತೆ.

ಹುಲಿಯಪ್ಪ ಮೇಜಿನ ಮೇಲೆ ಬಗ್ಗಿದ. "ನನ್ನ ಹೆಸ್ರು?"

"ಇದೆ ಸರ್, ಇದೆ! ಆರೂ ಫಾರಂನಲ್ಲೂ ಇದೆ." ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. "ತುರ್ತು ಸಂದರ್ಭದಲ್ಲಿ ಮನೆಯಲ್ಲಿ ಯಾರನ್ನು ಸಂಪರ್ಕಿಸಬೇಕು ಅನ್ನೋ ಕಡೆ."

ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಜಗುಲಿಯಲ್ಲಿ ಬೆಳ್ಳಪ್ಪ, ಜಟ್ಟಿಂಗಪ್ಪ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಸ್ಕೂಟರ್ ಇಳಿದ ವಾಸಪ್ಪನೂ ಅವರ ಪಕ್ಕ ಕೂತ. ಗುತ್ಯಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

"ಎಲ್ರೂ ಹೋದ್ರೆ ಹಾಲು ಕರೆಯೋರು ಯಾರು ಅಂತ ನಾನೇ ಕೇಳ್ದೆ" ಎಂದಳು ಅವಳು. "ನೀವು ಮನೆಮನೆಗೆ ಹೋಗಿ ಮಾತು ಕೊಟ್ಟಿದೀರಿ ಅಂದ್ರು. ದೇವ್ರಾಣೆ ಬೇರೆ ಹಾಕಿದೀರಂತೆ." ಆಮೇಲೆ ದನಿ ತಗ್ಗಿಸಿ, "ಬೇಜಾರಾದ್ರೆ ಹೇಳಿ. ನಾನು ಈಗ್ಲೇ ಬೇಡ ಅಂತೀನಿ" ಎಂದಳು.

ಬೇಡ ಎನ್ನು ಎಂದು ಹೇಳಲು ಹುಲಿಯಪ್ಪ ಬಾಯಿ ತೆರೆದಿದ್ದ. ಆದರೆ ಗುತ್ಯಮ್ಮನ ಮುಖ ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಏನನ್ನಾದರೂ ಇಷ್ಟು ಆಸೆಪಟ್ಟು, ಅದನ್ನು ಮುಚ್ಚಿಡಲು ಇಷ್ಟು ಕಷ್ಟಪಟ್ಟದ್ದನ್ನು ಅವನು ನೋಡಿರಲಿಲ್ಲ. ಈ ಕೇರಿಯಿಂದ ಮೊದಲು ಹಡಗು ಹತ್ತುವವಳು ತನ್ನ ಹೆಂಡತಿ! ಅವನಿಗೆ ಹೊಟ್ಟೆಕಿಚ್ಚೂ ಆಯಿತು, ಎದೆಯೂ ಉಬ್ಬಿತು. ಉಬ್ಬಿದ್ದೇ ಹೆಚ್ಚು.

"ಬೇಡ ಯಾಕೆ? ಹೋಗು. ಏಳು ದಿನದ್ದೇ ಸರಿ" ಎಂದ. ಆಮೇಲೆ ಜಗುಲಿಯ ಕಡೆ ತಿರುಗಿ ಗಟ್ಟಿಯಾಗಿ, "ಆಚೆ ದಡ ಮುಟ್ಟಿಸೋ ಹಡಗು ಅದೊಂದೇ. ಬೆಳಿಗ್ಗೆ ಫೋನಲ್ಲೇ ಹೇಳಿದ್ದೆ, ನಮ್ಮ ಶಿಲ್ಪನ್ನ ಬೇಕಾದ್ರೆ ಕೇಳಿ!" ಎಂದ.

ಅಷ್ಟರಲ್ಲಿ ಅಂಗಳ ದಾಟಿ ಮೀನಾಕ್ಷಮ್ಮ, ಸುಚಿತ್ರಾ, ಸೌಜನ್ಯ ಸಾಲಾಗಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಮಡಚಿದ ಒಂದು ಹಳೆಯ ಸೀರೆ.

"ಹುಲಿಯಪ್ಪಣ್ಣ" ಎಂದಳು ಮೀನಾಕ್ಷಮ್ಮ, ಸಂಕೋಚದಿಂದ. "ನಮ್ಮ ಹಸು, ಎಮ್ಮೆ ಎಲ್ಲ ಹೆಂಗಸ್ರ ಕೈಗೇ ರೂಢಿ. ಗಂಡಸ್ರು ಕೂತ್ರೆ ಒದೀತಾವೆ. ನಮ್ಮ ಸೀರೆ ಉಟ್ಕೊಂಡು ಕೂತ್ರೆ ವಾಸ್ನೆ ಹಿಡ್ದು ಸುಮ್ನೆ ನಿಲ್ತಾವೆ. ನೆರಿಗೆ ಹಿಡಿಯೋದು ಇವತ್ತೇ ಒಂದ್ಸಲ ಕಲ್ತ್ಕೊಂಡ್ರೆ ಒಳ್ಳೇದು. ಯಾವ್ದರಲ್ಲಿ ಕಲೀತೀರಿ, ನೋಡಿ."

ಜಗುಲಿಯ ಮೂವರೂ ಸಪ್ಪೆ ಮುಖ ಮರೆತು ಎದ್ದು ನಿಂತರು. "ನೀಲಿ ಬೇಡ, ಜಾರುತ್ತೆ" ಎಂದ ವಾಸಪ್ಪ. "ಹೂವಿಂದೇ ತಗೋ" ಎಂದ ಬೆಳ್ಳಪ್ಪ. ಎರಡನ್ನೂ ಉಟ್ಟು ನೋಡಿದರೆ ಗೊತ್ತಾಗುತ್ತದೆ ಎಂಬುದು ಜಟ್ಟಿಂಗಪ್ಪನ ಅಭಿಪ್ರಾಯ.

ಹುಲಿಯಪ್ಪ ಯಾರ ಮಾತನ್ನೂ ಕೇಳಲಿಲ್ಲ. ಹಸಿರು ಅಂಚಿನದನ್ನು ಎತ್ತಿಕೊಂಡ. ಬೆಳಿಗ್ಗೆಯಿಂದ ಅವನು ಸ್ವಂತವಾಗಿ ಆರಿಸಿದ್ದೆಂದರೆ ಅದೊಂದೇ.